ಕಂಬಳಿ ಗಂಟು

"ಪಿಕ್ಚರ್ ಹಾಡಿನ ಸೀಡಿ ಹಾಕಿರ್ತೀಯ. ಇಲ್ದಿದ್ರೆ ಚೆನ್ನಾಗಿದ್ದ ಮಿಷನ್ನು ಹಿಂಗೆ ಸಾಯತ್ತಾ?"

ಕಾಫಿ ತೋಟದ ಧಣಿ ಚನ್ನಕೇಶವ ಗೌಡರ ಮಾತು ಆಫೀಸಿನೊಳಗಿದ್ದ ಭವ್ಯಾಳಿಗೆ ಮಾತ್ರವಲ್ಲ, ಸಂಜೆಯ ಹಾಜರಿಗೆಂದು ಜಗಲಿಯಲ್ಲಿ ಕಾದಿದ್ದ ಆಳುಗಳಿಗೂ ಕೇಳಿಸಿತು. ಅವರ ನಡುವೆ ಅವಳ ಅವ್ವ ಕಲ್ಲಮ್ಮನೂ ಇದ್ದಳು.

"ನಾನು ಯಾವ ಸೀಡಿನೂ ಹಾಕಿಲ್ಲ ಗೌಡ್ರೆ. ಹಾಜರಿ ಹಾಕ್ತಿದ್ದೆ, ತಾನಾಗೇ ಆಫ್ ಆಯ್ತು."

"ನಾಳೆಯಿಂದ ಅವ್ವನ ಜೊತೆ ಹಣ್ಣು ಕುಯ್ಯಕ್ಕೆ ಹೋಗು. ಕೂಲಿ ಲೈನಿನ ಹುಡುಗಿ ಕೈಗೆ ಕಂಪ್ಯೂಟರ್ ಕೊಟ್ಟಿದ್ದು ನನ್ದೇ ತಪ್ಪು."

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಭವ್ಯಾಳ ಕಿವಿ ಉರಿಯಿತು. ಆದರೂ ಅವಳು ಅಲ್ಲಿಂದ ಏಳಲಿಲ್ಲ.

ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿದಳು, ಹತ್ತಿತು. ಕಂಪ್ಯೂಟರಿನ ಗುಂಡಿ ಒತ್ತಿದರೆ ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು, ಪರದೆ ಕಪ್ಪು. ಕಳಸದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿದ್ದಂತೆ ಅದರ ಡಬ್ಬಿ ಬಿಚ್ಚಿ, ಮೆಮೊರಿ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿ ಕೂರಿಸಿದಳು. ಊಹೂಂ. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುತ್ತಿರಲಿಲ್ಲ, ಬೇರೆಲ್ಲೋ ಬಚ್ಚಿಟ್ಟಿರುತ್ತಿತ್ತು. ಯೋಚಿಸುತ್ತಲೇ ಡಬ್ಬಿಯ ಬೆನ್ನು ಸವರಿದವಳು ಕೈ ಹಿಂದಕ್ಕೆಳೆದುಕೊಂಡಳು. ಕಾವಲಿಯಂತೆ ಸುಡುತ್ತಿತ್ತು.

ಮೇಜನ್ನು ಗೋಡೆಯಿಂದ ಈಚೆಗೆಳೆದಳು. ಬಿಸಿಗಾಳಿ ಹೊರಬರುವ ಕಿಂಡಿಗೆ ಒತ್ತಿಕೊಂಡು ಕರಿ ಕಂಬಳಿಯ ಗಂಟೊಂದು ಕೂತಿತ್ತು. ಬಿಚ್ಚಿದರೆ, ಬೆವರಿ ಕಂದಾದ ವೆನಿಲಾ ಕೋಡುಗಳು. ಆ ಸುಗ್ಗಿಯಲ್ಲಿ ಗೌಡರ ಮನೆಯೆಲ್ಲ ಅದೇ ಘಮ, ಹಾಗಾಗಿ ಅವಳ ಮೂಗಿಗೆ ಗೊತ್ತೇ ಆಗಿರಲಿಲ್ಲ.

"ಅಯ್ಯೋ, ಬಿಚ್ಬೇಡ ಮಾರಾಯ್ತಿ," ಎನ್ನುತ್ತ ಗೌಡರ ತಾಯಿ ಶಂಕರಮ್ಮ ಒಳಗೆ ಬಂದರು. "ಬಿಸಿಲೇ ಕಾಣ್ಲಿಲ್ಲ ಈ ವಾರ. ಕೋಡು ಕಂಬಳಿಲಿ ಬೆವರಿದ್ರೇ ಅಲ್ವಾ ಘಮ ಬರೋದು? ಅಲ್ಲಿ ಒಳ್ಳೆ ಬಿಸಿಗಾಳಿ ಸುಮ್ನೆ ದಂಡ ಆಗ್ತಿತ್ತು. ನೀನು ಊಟಕ್ಕೆ ಹೋದಾಗ ಇಟ್ಟೆ."

ಅಲ್ಲೇ ಇದ್ದ ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಳ್ಳೆ ಡ್ರೈಯರ್ ಹುಡ್ಕಿದ್ದೀಯ ಅಮ್ಮ." ಆಮೇಲೆ ಭವ್ಯಾಳ ಕಡೆ ತಿರುಗಿ ದನಿ ತಗ್ಗಿಸಿದರು. "ಸರಿ, ನಾಳೆ ಆಫೀಸಿಗೇ ಬಾ. ಇದನ್ನ ಹೊರಗೆ ಹೇಳ್ಬೇಡ. ಅಮ್ಮಂಗೆ ಕೆಟ್ಟ ಹೆಸ್ರು ಬರತ್ತೆ."

"ನಂಗೆ ಆಗ್ಲೇ ಬಂತಲ್ಲ ಗೌಡ್ರೆ, ಕೆಟ್ಟ ಹೆಸ್ರು?"

"ನಿಂದನ್ನ ಯಾರು ನೆನಪಿಟ್ಕೊಳ್ತಾರೆ, ಬಿಡು."

ಅವರು ಅದನ್ನು ಸಮಾಧಾನದ ಮಾತೆಂದೇ ಹೇಳಿದ್ದರು.

ಭವ್ಯಾ ಕಂಬಳಿಯನ್ನು ಮತ್ತೆ ಗಂಟು ಕಟ್ಟಿ, ಎರಡೂ ಕೈಯಲ್ಲಿ ಎತ್ತಿಕೊಂಡು ಜಗಲಿಗೆ ಬಂದಳು. ಎಲ್ಲರ ನಡುವೆ, ದೀಪದ ಕೆಳಗೆ ಇಟ್ಟು ನಾಲ್ಕೂ ತುದಿ ಬಿಡಿಸಿದಳು.

"ಇದು ಕಂಪ್ಯೂಟರಿನ ಬೆನ್ನಿಗಿತ್ತು," ಎಂದಳು. "ಉಸಿರು ಕಟ್ಟಿ ಸತ್ತಿದೆ."

ಗೌಡರು ಬಾಗಿಲಲ್ಲೇ ನಿಂತರು. ಸೊಂಟಕ್ಕೆ ಹಣ್ಣಿನ ಚೀಲ ಕಟ್ಟಿಕೊಂಡೇ ಇದ್ದ ಕಲ್ಲಮ್ಮ ಹತ್ತಿರ ಬಂದು ಕೂತು, ಕಂಬಳಿಯ ಮೇಲೆ ಅಂಗೈ ಇಟ್ಟಳು. ಅದಿನ್ನೂ ಬೆಚ್ಚಗಿತ್ತು. ಕೈ ತೆಗೆಯದೆ ಹಾಗೇ ಕೂತಿದ್ದಳು.