ಮುಕ್ಕಳಿಸಿ, ಉಗುಳಿ

ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ನಲವತ್ತು ವರ್ಷ ನಾನು ಆಡಿದ್ದು ಎರಡೇ ಮಾತು: ಮುಕ್ಕಳಿಸಿ, ಉಗುಳಿ. ನಮ್ಮ ಯಜಮಾನರದು ಒಂದೇ ಮಾತು, ಅದೂ ಬಾಯಿಂದಲ್ಲ. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವುದು ಅವರ ಕೆಲಸ. ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು, ಕೈಯಲ್ಲಿ ಉದ್ದ ಹಿಡಿಯ ದುಂಡು ಫಲಕ, ಅದರ ಮೇಲೆ ದಪ್ಪಕ್ಷರದಲ್ಲಿ ‘ನಿಲ್ಲಿ’. ಅದನ್ನು ಎತ್ತಿದರೆ ಲಾರಿಯೂ ನಿಲ್ಲುತ್ತದೆ. ಅದೇ ಮನುಷ್ಯ ಮನೆಯಲ್ಲಿ ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿದು, ತೊಡೆಗೆ ಕೈ ಊರಿ, ಅಯ್ಯಪ್ಪಾ ಅಂದು ಮೂರು ಕಂತಿನಲ್ಲಿ ಏಳುತ್ತಾರೆ. ವಯಸ್ಸು ಎಪ್ಪತ್ತೊಂದು.

ದಾಟಿಸುವವರ ಕಾಲಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಇರುತ್ತದೆ. ಎದೆಯ ಮೇಲೆ ಕೈ ಕಟ್ಟಿಕೊಂಡು, ಏನನ್ನೂ ಹಿಡಿಯದೆ, ಕುರ್ಚಿಯಿಂದ ಐದು ಸಲ ಏಳಬೇಕು. ಹದಿನೈದು ಸೆಕೆಂಡಿನ ಒಳಗೆ ಮುಗಿಯಬೇಕು. ಈ ವರ್ಷ ಇವರಿಗೆ ಹದಿನೆಂಟು ಹಿಡಿಯಿತು. ಆರು ವಾರದ ನಂತರ ಇನ್ನೊಂದು ಅವಕಾಶ ಕೊಟ್ಟರು. ಅದೂ ತಪ್ಪಿದರೆ ಜಾಕೆಟ್ಟು, ಫಲಕ ಎರಡನ್ನೂ ವಾಪಸ್ ಕೊಟ್ಟು ಮನೆಗೆ ಬರಬೇಕು.

“ಹೋದ್ರೆ ಹೋಗ್ಲಿ ಬಿಡು,” ಅಂದರು. ಅಂದವರು ಫಲಕವನ್ನು ಮಡಿಲಲ್ಲಿ ಇಟ್ಟುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೂತರು, ಒರೆಸಿದ್ದನ್ನೇ ಒರೆಸುತ್ತಾ. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. ತಕ್ಷಣ ತಂಗಿಯ ಮಗಳಿಗೆ ಫೋನ್ ಮಾಡಿದೆ. ಅವಳು ವಿಶ್ವವಿದ್ಯಾಲಯದಲ್ಲಿ ವಯಸ್ಸಾದವರ ಕಾಲಿನ ಬಲ ಅಳೆಯುತ್ತಾಳೆ. ಅಳೆದು ಏನು ಮಾಡುತ್ತಾಳೋ ಅಂತ ಅಲ್ಲಿಯವರೆಗೆ ನಾನು ಕೇಳಿರಲೇ ಇಲ್ಲ.

“ದೊಡ್ಡಮ್ಮ, ಬೀಟ್‌ರೂಟು, ಪಾಲಕ್ ಸೊಪ್ಪು, ಇಂಥದ್ರಲ್ಲಿ ನೈಟ್ರೇಟ್ ಅಂತ ಇರತ್ತೆ. ಅದನ್ನ ಕೊಟ್ರೆ ವಯಸ್ಸಾದವ್ರ ಸ್ನಾಯು ಚುರುಕಾಗತ್ತಾ ಅಂತ ನಾವು ನೋಡ್ತಾ ಇದೀವಿ. ಕೆಲವ್ರಿಗೆ ಸ್ವಲ್ಪ ಆಗತ್ತೆ, ಕೆಲವ್ರಿಗೆ ಇಲ್ಲ. ಔಷಧಿ ಅಂತ ತಿಳ್ಕೋಬೇಡಿ.”

“ಸ್ವಲ್ಪ ಅಂದ್ರೆ ಎಷ್ಟೇ?”

“ಅದು ಗೊತ್ತಿದ್ರೆ ನನಗೆ ಕೆಲ್ಸಾನೇ ಇರ್ತಿರ್ಲಿಲ್ಲ,” ಅಂದು ನಕ್ಕಳು. “ದೊಡ್ಡಪ್ಪನ್ನ ಒಂದ್ಸಲ ಕಳ್ಸಿ. ಡಾಕ್ಟರ ಹತ್ರ ಬಿ.ಪಿ. ತೋರಿಸ್ಕೊಂಡು ಬರ್ಲಿ. ಹೆಂಗೆ ಕುಡೀಬೇಕು ಅಂತ ಒಂದು ಹಾಳೆ ಕೊಡ್ತೀನಿ.”

ಹೋಗಿ ಬಂದರು. ಹಾಳೆಯಲ್ಲಿ ಏನಿದೆ ಅಂತ ಕೇಳಿದೆ. “ದಿನಾ ಬೆಳಿಗ್ಗೆ ಒಂದು ಲೋಟ ಕುಡೀಬೇಕಂತೆ, ಅಷ್ಟೇ,” ಅಂದರು. ನಾನು ನಂಬಿದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಗಂಡಸು ‘ಅಷ್ಟೇ’ ಅಂದದ್ದನ್ನು ನಂಬಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ!

ಅಡುಗೆಮನೆ ಕೆಂಪಾಯಿತು. ಹಲಗೆ, ಚಾಕು, ನನ್ನ ಉಗುರು, ಗೋಡೆಯ ಒಂದು ಮೂಲೆ, ಎಲ್ಲವೂ. ಏನಾಗುತ್ತದೆ ನೋಡೋಣ ಅಂತ ನಾನೂ ಅವರ ಜೊತೆಗೆ ಅರ್ಧ ಲೋಟ ಕುಡಿದೆ. ಎರಡನೇ ದಿನ ಬಚ್ಚಲಿನಿಂದ ಯಜಮಾನರು, “ಲೇ, ಬಾರೇ ಇಲ್ಲಿ, ನನ್ನ ಕಥೆ ಮುಗೀತು!” ಅಂತ ಕೂಗಿಕೊಂಡರು. ನಾನು ಹೊರಗಿಂದಲೇ, “ಮುಗಿದಿಲ್ಲ ಕಣ್ರೀ, ಅದು ಬೀಟ್‌ರೂಟಿನ ಬಣ್ಣ,” ಅಂದೆ. ಆಮೇಲೆ ಹೊರಬಂದು, ಏನೂ ಆಗದವರ ಹಾಗೆ ಪೇಪರ್ ಹಿಡಿದು ಕೂತರು.

ಅವತ್ತೇ ಶಾಲೆಯ ಮಕ್ಕಳು, “ತಾತಾ, ನಿಮ್ಮ ಬಾಯಲ್ಲಿ ರಕ್ತ!” ಅಂದವಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ನನ್ನ ಗಂಡನ ಬಾಯಿಯ ಬಗ್ಗೆ ಬೀದಿಯಲ್ಲಿ ಮಾತೇ? ಕ್ಲಿನಿಕ್ಕಿನಲ್ಲಿ ಬಳಸುತ್ತಿದ್ದ ನೀಲಿ ಔಷಧಿಯ ದೊಡ್ಡ ಬಾಟಲಿ ತಂದಿಟ್ಟೆ. ರಸ ಕುಡಿದ ಕೂಡಲೇ ಗಡಿಯಾರ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅರ್ಧ ನಿಮಿಷ. “ಮುಕ್ಕಳಿಸಿ. ಉಗುಳಿ.” ಕೆಲಸದಿಂದ ಬಂದ ಮೇಲೆ ಇನ್ನೊಂದು ಸಲ. ಅವರು ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡುತ್ತಾ, ಹೇಳಿದ ಹಾಗೆ ಮಾಡುತ್ತಿದ್ದರು. ನಾನೂ ಮಾಡುತ್ತಿದ್ದೆ. ನಮ್ಮಿಬ್ಬರ ನಾಲಿಗೆ ಫಳಫಳ ಅನ್ನುತ್ತಿತ್ತು.

ಒಂದು ನೋಟ್‌ಬುಕ್ ಇಟ್ಟೆ. ಬೆಳಿಗ್ಗೆ ರಸ, ಎರಡೂವರೆ ಗಂಟೆಯ ನಂತರ ಕುರ್ಚಿ. ಮೊದಲ ವಾರ ಹದಿನೆಂಟು. ಎರಡನೆಯ ವಾರ ಹದಿನೇಳೂಮುಕ್ಕಾಲು. ನಾಲ್ಕನೆಯ ವಾರ ಹದಿನೇಳೂವರೆ. ಇದೆಂಥ ಚುರುಕು! ತರಕಾರಿಯವನನ್ನು ಬೈದೆ. ಕುರ್ಚಿ ತಗ್ಗಿದೆ ಅಂದೆ. “ನೀವು ಮನಸ್ಸಿಟ್ಟು ಏಳ್ತಿಲ್ಲ,” ಅಂತ ಇವರ ಮೇಲೂ ಹಾರಾಡಿದೆ. ಕೊನೆಗೆ ತಂಗಿಯ ಮಗಳನ್ನು ಬೈಯೋಣ ಅಂತ ಭಾನುವಾರ ಮನೆಗೆ ಕರೆಸಿದೆ.

ಅವಳು ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದಳು. ಅದರ ತುಂಬ ಬೆರಳುದ್ದದ ಕಾಗದದ ಪಟ್ಟಿಗಳು.

“ಎಂಜಲು ತಾಗಿಸಿದ್ರೆ ಇದು ಗುಲಾಬಿ ಬಣ್ಣಕ್ಕೆ ತಿರುಗ್ಬೇಕು. ನಾಲಿಗೆ ಚಾಚಿ ದೊಡ್ಡಪ್ಪ.”

ಅವರ ಪಟ್ಟಿ ಬೆಳ್ಳಗೇ ಉಳಿಯಿತು. ನನ್ನದೂ ಬೆಳ್ಳಗೆ. ರಸ ಕುಡಿದು ಎರಡೂವರೆ ಗಂಟೆಯಾಗಿತ್ತು. ಅವಳು ಹುಬ್ಬು ಗಂಟಿಕ್ಕಿಕೊಂಡು ಮುಂದೆ ಬಾಗಿ ಮೂಸಿದಳು.

“ದೊಡ್ಡಮ್ಮ, ಇದೇನು ಪುದೀನ ವಾಸನೆ?”

ನಾನು ಹೆಮ್ಮೆಯಿಂದ ನೀಲಿ ಬಾಟಲಿ ತಂದು ತೋರಿಸಿದೆ. ಅವಳು ಬಾಟಲಿ ನೋಡಿದಳು, ನನ್ನನ್ನು ನೋಡಿದಳು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

“ತರಕಾರಿಯಿಂದ ಬಂದ ನೈಟ್ರೇಟ್ ರಕ್ತಕ್ಕೆ ಹೋಗಿ, ತಿರುಗಿ ಎಂಜಲಲ್ಲಿ ಬಾಯಿಗೇ ಬರತ್ತೆ. ನಾಲಿಗೆ ಹಿಂದುಗಡೆ ಕ್ರಿಮಿಗಳಿರತ್ವಲ್ಲ, ಅವು ಅದನ್ನ ಬೇರೆ ರೂಪಕ್ಕೆ ತಿರುಗಿಸ್ತವೆ. ಅದನ್ನ ನಾವು ನುಂಗ್ಬೇಕು. ಆಗ್ಲೇ ಅದು ಸ್ನಾಯುವಿನ ಕೆಲ್ಸಕ್ಕೆ ಬರೋದು. ನೀವು ಆ ಕ್ರಿಮಿಗಳನ್ನೇ ಕೊಂದು ಉಗುಳಿಸ್ತಾ ಇದೀರಲ್ಲ!”

“ಬಾಯಲ್ಲಿರೋ ಕ್ರಿಮಿ ಒಳ್ಳೇದು ಅಂತೀಯಾ? ನನ್ನ ಹತ್ರ?”

“ಎಲ್ಲಾ ಅಲ್ಲ. ಇವು ಮಾತ್ರ. ಹಲ್ಲುಜ್ಜೋದು ಬಿಡ್ಬೇಡಿ, ನೀಲಿ ಬಾಟಲಿ ಬಿಡಿ, ಅಷ್ಟೇ. ಅಲ್ಲ, ಹಾಳೆಯಲ್ಲಿ ಬರ್ದಿದ್ನಲ್ಲ? ಮೂರ್ನೇ ಸಾಲು.”

ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಸೀದಾ ಹೋಗಿ ಗೋಡೆಯ ಮೊಳೆಗೆ ತೂಗಿದ್ದ ಕಿತ್ತಳೆ ಜಾಕೆಟ್ಟಿನ ಜೇಬಿಗೆ ಕೈ ಹಾಕಿದೆ. ಹಾಳೆ ನಾಲ್ಕು ಮಡಿಕೆಯಾಗಿ ಅಲ್ಲೇ ಇತ್ತು. ಮೂರನೇ ಸಾಲು: ಬಾಯಿ ಮುಕ್ಕಳಿಸುವ ಔಷಧಿ ಬಳಸಬೇಡಿ. ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಆ ಸೊಟ್ಟ ಗೆರೆ ಯಾರದು ಅಂತ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ತಂಗಿಯ ಮಗಳು ಜಾಣೆ, ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದಳು.

“ಗೊತ್ತಿತ್ತು ನಿಮಗೆ,” ಅಂದೆ. “ಗೊತ್ತಿದ್ದೂ ನಾಲ್ಕು ವಾರ ಮುಕ್ಕಳಿಸಿದ್ರಿ. ಬಾಯಿ ಬಿಟ್ಟು ಒಂದು ಮಾತು ಹೇಳೋಕಾಗ್ಲಿಲ್ವಾ?”

“ಬಾಯ್ತುಂಬ ಔಷಧಿ ಹಾಕಿ ನಿಲ್ಲಿಸಿದ್ರೆ ಹೆಂಗೆ ಹೇಳ್ಲಿ?”

“ತಮಾಷೆ ಬೇಡ. ಕೆಲ್ಸ ಹೋಗತ್ತೆ ಕಣ್ರೀ!”

“ಆ ಬೀಟ್‌ರೂಟಿನ ಮೇಲೆ ನನಗೇನೂ ನಂಬಿಕೆ ಇರ್ಲಿಲ್ಲ,” ಅಂದರು. “ಕುಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಂದ್ಕೊಂಡೆ. ನೀನು ಕ್ಲಿನಿಕ್ ಬಿಟ್ಟು ಎರಡು ವರ್ಷ ಆಯ್ತು. ಆವತ್ತಿಂದ ಗಡಿಯಾರ ಹಿಡ್ಕೊಂಡು ಅಷ್ಟು ಖುಷಿಯಾಗಿ ನಿಂತಿದ್ದು ನಾನು ನೋಡೇ ಇರ್ಲಿಲ್ಲ. ನಿನಗೆ ಉಳಿದಿರೋ ರೋಗಿ ನಾನೊಬ್ನೇ ಕಣೇ. ನಾನೂ ನಿನ್ನ ಮಾತು ಕೇಳ್ದೇ ಇದ್ರೆ ಹೆಂಗೆ?”

ಕೆಲಸ ಬಿಟ್ಟ ಮೊದಲ ತಿಂಗಳು ಬಿಳಿ ಕೋಟು ಒಗೆದು, ಇಸ್ತ್ರಿ ಮಾಡಿ, ಎಲ್ಲಿಗೆ ಹಾಕಿಕೊಂಡು ಹೋಗುವುದು ಅಂತ ಮಂಚದ ಮೇಲೆ ಕೂತಿರುತ್ತಿದ್ದೆ. ಅದನ್ನು ಯಾರೂ ನೋಡಿಲ್ಲ ಅಂದುಕೊಂಡಿದ್ದೆ. ಅಳು ಬಂತು, ಅತ್ತೆ. ಅತ್ತು ಮುಗಿಸಿ ನೀಲಿ ಬಾಟಲಿಯನ್ನು ಬಚ್ಚಲಿಗೆ ಸುರಿದೆ.

ಉಳಿದದ್ದು ಎರಡೇ ವಾರ. ಆ ಪಟ್ಟಿಗಳ ಡಬ್ಬಿಯನ್ನು ನಾನು ಇಸಿದುಕೊಂಡಿದ್ದೆ. ಮೊದಲ ದಿನ ಬೆಳ್ಳಗೆ. ಎರಡನೆಯ ದಿನವೂ ಬೆಳ್ಳಗೆ. ನಾಲ್ಕನೆಯ ದಿನ ಅವರ ಪಟ್ಟಿ ಮಗುವಿನ ಉಗುರಿನಷ್ಟು ತೆಳು ಗುಲಾಬಿಯಾಯಿತು. “ಬಂದ್ವು ಕಣ್ರೀ!” ಅಂತ ಕೂಗಿದೆ. ಜೀವಮಾನವೆಲ್ಲ ಕ್ರಿಮಿ ಓಡಿಸಿದವಳು ಕ್ರಿಮಿ ಬಂತು ಅಂತ ಕುಣಿದೆ. ವಾರ ಕಳೆಯುವಷ್ಟರಲ್ಲಿ ಬಣ್ಣ ಗಾಢವಾಯಿತು. ಕುರ್ಚಿ: ಹದಿನಾರೂವರೆ. ಹದಿನಾರು. ಪರೀಕ್ಷೆಯ ಹಿಂದಿನ ದಿನ ಹದಿನೈದೂಕಾಲು. ತಂಗಿಯ ಮಗಳಿಗೆ ಫೋನಿನಲ್ಲಿ ಓದಿ ಹೇಳಿದರೆ, “ಬೀಟ್‌ರೂಟೋ, ದಿನಾ ಎದ್ದು ಕೂತು ಮಾಡಿದ ಅಭ್ಯಾಸವೋ, ಒಬ್ರನ್ನ ನೋಡಿ ಹೇಳೋಕಾಗಲ್ಲ ದೊಡ್ಡಮ್ಮ,” ಅಂದಳು. ಕಾಲು ಸೆಕೆಂಡು ಹೆಚ್ಚಿದೆಯಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಕೈಯಲ್ಲಿ ಸಮಯ ಅಳೆಯುವ ಯಂತ್ರ ಹಿಡಿದ ಒಬ್ಬ ಅಧಿಕಾರಿ. ನನ್ನನ್ನು ಬಾಗಿಲ ಬಳಿ ನಿಲ್ಲಲು ಬಿಟ್ಟರು. ಯಜಮಾನರು ಎದೆಗೆ ಕೈ ಕಟ್ಟಿಕೊಂಡರು. ಒಂದು. ಎರಡು. ಚೆನ್ನಾಗಿ ಹೋಗುತ್ತಿತ್ತು. ಮೂರು. ನಾಲ್ಕನೆಯದಕ್ಕೆ ತೊಡೆ ನಡುಗಿತು, ಆದರೂ ಎದ್ದರು. ಕೂತರು. ಕೂತವರು ಐದನೆಯದಕ್ಕೆ ಏಳಲಿಲ್ಲ. ಕಣ್ಣು ನನ್ನನ್ನು ಹುಡುಕಿತು. ನನ್ನ ಎರಡು ಮಾತೂ ಅಲ್ಲಿ ಪ್ರಯೋಜನಕ್ಕೆ ಬರುವಂಥವಲ್ಲ. ಬಾಯಿಗೆ ಬಂದದ್ದು ಅವರದು.

“ನಿಲ್ಲಿ!”

ಎದ್ದು ನಿಂತರು. ಲಾರಿಯ ಮುಂದೆ ನಿಲ್ಲುವ ಹಾಗೆ ನೆಟ್ಟಗೆ.

ಅಧಿಕಾರಿ ಗುಂಡಿ ಒತ್ತಿ ನನ್ನ ಕಡೆ ತಿರುಗಿದರು. “ಅಮ್ಮಾ, ಸಾಕು ಮಾಡಿ ಅಂದ್ರಾ, ಏಳಿ ಅಂದ್ರಾ?”

“ಅವ್ರಿಗೆ ಗೊತ್ತಾಯ್ತು ಬಿಡಿ. ಎಷ್ಟು ಬಂತು ಹೇಳಿ.”

“ಹದಿನಾಲ್ಕು, ಎಂಟು.”

ಅರ್ಥವಾಗದೆ ನಿಂತೆ. “ಹದಿನಾಲ್ಕು ಸೆಕೆಂಡು, ಅದರ ಮೇಲೆ ಹತ್ತರಲ್ಲಿ ಎಂಟು ಭಾಗ. ಪಾಸು,” ಅಂದು ಅವರು ಚೀಟಿಗೆ ಸಹಿ ಹಾಕಿದರು.

ಹೊರಗೆ ಅಂಗಳದಲ್ಲಿ ಒಂದು ನಲ್ಲಿ ಇತ್ತು. ಯಜಮಾನರು ಅದರ ಪಕ್ಕದ ಕಟ್ಟೆಯ ಮೇಲೆ ಕೂತು ಬಾಯಿ ಬಿಟ್ಟು ನಕ್ಕರು. ಹಲ್ಲು, ತುಟಿ, ನಾಲಿಗೆ, ಎಲ್ಲ ಕೆಂಪು. ನನ್ನ ಬಾಯಿಗೆ ಆ ಮಾತು ಬಂದೇ ಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡೆ.

“ಹೇಳೇ,” ಅಂದರು. “ಬರೀ ನೀರಲ್ಲಿ ಆದ್ರೆ ಏನೂ ಆಗಲ್ವಂತೆ. ನಿನ್ನ ತಂಗಿ ಮಗಳನ್ನ ಕೇಳ್ಕೊಂಡಿದೀನಿ.”

“ಯಾವಾಗ ಕೇಳಿದ್ರಿ?”

“ನೀನು ಬಾಟಲಿ ಸುರಿದ ದಿನಾನೇ.”

ನಾನು ಕೈಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದೆ. ಕ್ಲಿನಿಕ್ಕಿನಲ್ಲಿ ಹೇಳುತ್ತಿದ್ದಷ್ಟೇ ಗಟ್ಟಿಯಾಗಿ ಹೇಳಿದೆ.

“ಮುಕ್ಕಳಿಸಿ.”

ಅವರು ಕಟ್ಟೆಗೆ ಕೈ ಊರದೆ ಎದ್ದು ನಲ್ಲಿ ತಿರುಗಿಸಿದರು.