ಇನ್ನು ಯಾರಾದ್ರೂ ಇದ್ದಾರಾ?

ಸಾವಿನ ಮನೆಯ ಅಂಗಳದಲ್ಲಿ ಗೌರೀಶಂಕರರು ಹೆಲ್ಮೆಟ್ಟನ್ನು ಎದೆಗವಚಿಕೊಂಡು ನಿಲ್ಲುವ ರೀತಿಯನ್ನು ಒಮ್ಮೆ ಕಂಡವರು ಮರೆಯಲಾರರು. ಬಂದವರೆಲ್ಲ ಕೈಮುಗಿದು, ಎರಡು ಮಾತಾಡಿ, ಖಾಲಿ ಕುರ್ಚಿ ಹುಡುಕಿ ಕೂರುವ ಹೊತ್ತಿನಲ್ಲಿ ಇವರೊಬ್ಬರು ಕೂರುವುದಿಲ್ಲ. ಮನೆಯ ಹಿರಿಯ ಹೆಂಗಸು ಎಲ್ಲಿದ್ದಾರೆಂದು ಮೆಲ್ಲಗೆ ವಿಚಾರಿಸಿ, ಅವರೆದುರು ನಿಂತು, ಮೊಬೈಲಿನಲ್ಲಿ ಬರೆದುಕೊಂಡ ಐದಾರು ಸಾಲಿನ ನಿಧನವಾರ್ತೆಯನ್ನು ತಗ್ಗಿದ ದನಿಯಲ್ಲಿ ಓದುತ್ತಾರೆ. ಓದಿ ಮುಗಿಸಿ, "ಇನ್ನು ಯಾರಾದ್ರೂ ಇದ್ದಾರಾ?" ಎಂದು ಕೇಳುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. ಅಳು, ಪಿಸುಮಾತು, ಮೊಬೈಲುಗಳ ಗುಣುಗುಣು ಎಲ್ಲದರ ನಡುವೆ ಅವರ ಆ ಮೌನ ಒಂದು ಕಂಬದ ಹಾಗೆ ನಿಂತೇ ಇರುತ್ತದೆ. ಉತ್ತರ ಬರುವ ತನಕ ಹೆಲ್ಮೆಟ್ ತಲೆಗೇರುವುದಿಲ್ಲ.

ಆಲಂಕಾರಿನಲ್ಲಿ ನನ್ನ ದೊಡ್ಡಪ್ಪ ತೀರಿಕೊಂಡ ದಿನ ಈ ಮೌನವನ್ನು ನಾನೂ ಅನುಭವಿಸಿದೆ. ದೊಡ್ಡಮ್ಮ ಗೋಡೆಗೊರಗಿ ಕುಳಿತಿದ್ದರು. ಗೌರೀಶಂಕರರು ಓದಿದ ವಾರ್ತೆಯಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳೆಲ್ಲ ಕ್ರಮವಾಗಿ ಬಂದಿದ್ದರು. ತಪ್ಪು ಹುಡುಕಲು ಏನೂ ಇರಲಿಲ್ಲ. ಆದರೂ ಮನುಷ್ಯ ಕದಲಲಿಲ್ಲ. ನನಗೆ ಸಿಟ್ಟೇ ಬಂತು. "ಇವರಿಗೆ ಇನ್ನು ಎಂತ ಬೇಕಂತೆ?" ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಕೇಳಿದರು. ಕೊನೆಗೆ ದೊಡ್ಡಮ್ಮ ತಲೆಯೆತ್ತಿ, "ಇಲ್ಲ ಮಗಾ, ಅಷ್ಟೇ ಜನ" ಅಂದಾಗ ಅವರು ತಲೆಬಾಗಿ ಹೊರಟುಹೋದರು. ಆ ನಿಲುವಿನ ಹಿಂದಿನ ಕಥೆ ನನಗೆ ತಿಳಿದದ್ದು ಬಹಳ ದಿನಗಳ ಮೇಲೆ, ಕಡಬದ ಒಂದು ಹೋಟೆಲಿನಲ್ಲಿ, ಅವರ ಮುಂದಿನ ಚಹಾ ತಣ್ಣಗಾಗುತ್ತಿದ್ದಾಗ.

ಗೌರೀಶಂಕರರು ವೃತ್ತಿಯಿಂದ ತಂತ್ರಜ್ಞರು. ನಮ್ಮ ಮೂರು ತಾಲೂಕುಗಳ ಹಳ್ಳಿಹಳ್ಳಿಯಲ್ಲಿರುವ ಸಹಕಾರಿ ಸಂಘಗಳ ಕಂಪ್ಯೂಟರುಗಳನ್ನೂ ಅವುಗಳೊಳಗಿನ ತಂತ್ರಾಂಶವನ್ನೂ ನೋಡಿಕೊಳ್ಳುವುದು ಅವರ ಕೆಲಸ. ಎಂಜಿನಿಯರಿಂಗ್ ಓದಿದವರು, ಬೇಕೆಂದಿದ್ದರೆ ಎಲ್ಲಿಗಾದರೂ ಹೋಗಬಹುದಿತ್ತು. ಪುತ್ತೂರು, ಸುಳ್ಯ, ಕಡಬಗಳ ನಡುವೆ ಸ್ಕೂಟರಿನಲ್ಲಿ ಓಡಾಡುವುದರಲ್ಲೇ ಅವರಿಗೆ ಜಗತ್ತು ಸಾಕಷ್ಟು ವಿಶಾಲವಾಗಿ ಕಂಡಿತು. ವರ್ಷಗಟ್ಟಲೆ ಲ್ಯಾಪ್‌ಟಾಪ್ ಚೀಲ ಹೊತ್ತು ಬಲಭುಜ ಕೊಂಚ ಇಳಿದಿದೆ. ಹೀಗಾಗಿ ನಡೆಯುವಾಗ ಅವರು ಯಾವಾಗಲೂ ಯಾರದೋ ಮಾತಿಗೆ ಕಿವಿಗೊಡಲು ವಾಲಿದಂತೆ ತೋರುತ್ತದೆ. ಮೈಮೇಲೆ ಹಲವು ಜೇಬುಗಳ ಬೂದುಬಣ್ಣದ ಒಂದು ತೋಳಿಲ್ಲದ ಕೋಟು: ಎಡಗಡೆಯ ಜೇಬುಗಳಲ್ಲಿ ಸ್ಕ್ರೂಡ್ರೈವರು, ಪೆನ್‌ಡ್ರೈವು, ವಯರಿನ ತುಂಡು, ಬಲಗಡೆಯ ಜೇಬುಗಳಲ್ಲಿ ಪೆನ್ನು, ಕನ್ನಡಕ, ಪತ್ರಿಕೆಯ ಗುರುತುಪತ್ರ. "ಎಡಗಡೆ ಅನ್ನ, ಬಲಗಡೆ ಹುಚ್ಚು" ಎಂದು ಅವರ ಹೆಂಡತಿ ವಸುಮತಿ ಆ ಕೋಟನ್ನು ಒಗೆಯಲು ಹಾಕುವಾಗಲೆಲ್ಲ ಹೇಳುವುದುಂಟು.

ಆ ಹುಚ್ಚು ಹತ್ತಿದ್ದು ಹೀಗೆ. ಪುತ್ತೂರಿನ ಒಂದು ಪತ್ರಿಕಾ ಕಚೇರಿಯಲ್ಲಿ ಕಂಪ್ಯೂಟರು ಕೆಟ್ಟಿತ್ತು. ಸರಿಮಾಡಲು ಹೋದ ಇವರು, ಯಂತ್ರ ಮತ್ತೆ ಏಳುವ ತನಕ ಸುಮ್ಮನೆ ಕೂರಲಾರದೆ, ಅಂದಿನ ಪುಟಗಳನ್ನು ತಿರುವಿ, "ಕಡಬದ್ದು ಎಂತದೂ ಇಲ್ವಲ್ಲ ಇದರಲ್ಲಿ" ಎಂದರು. ಅಲ್ಲಿನ ಉಪಸಂಪಾದಕರು ಬೇಸತ್ತವರು. "ಹಾಗಾದ್ರೆ ನೀವೇ ಬರೆಯಿರಿ ಮಾರಾಯ್ರೆ" ಎಂದುಬಿಟ್ಟರು. ಅವರು ಹೇಳಿದ್ದು ತಮಾಷೆಗೆ. ಇವರು ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವ ಜಾತಿಯವರಲ್ಲ. ಅಂದಿನಿಂದ ಹವ್ಯಾಸಿ ಪತ್ರಕರ್ತರಾದರು. ಸಂಘದ ಗಣಕಯಂತ್ರದ ಮುಂದೆ ಕುಳಿತರೆ ಊರೇ ಬಂದು ಹೋಗುತ್ತದೆ. ಗೊಬ್ಬರಕ್ಕೆ ಬಂದವರು, ಸಾಲಕ್ಕೆ ಬಂದವರು, ಸುಮ್ಮನೆ ಫ್ಯಾನಿನ ಗಾಳಿಗೆ ಬಂದವರು, ಎಲ್ಲರ ಬಾಯಲ್ಲೂ ಒಂದೊಂದು ಸುದ್ದಿ.

ಸುದ್ದಿ ಕೇಳಿದ ಕೂಡಲೆ ಅವರ ಬಾಯಿಂದ ಹೊರಡುವುದು ಒಂದೇ ಮಾತು: "ಕನ್ಫರ್ಮ್ ಉಂಟಲ್ಲ?" ಇದಕ್ಕಾಗಿ ಅವರಿಗೆ ಬೆನ್ನ ಹಿಂದೆ 'ಕನ್ಫರ್ಮ್ ಶಂಕರಣ್ಣ' ಎಂಬ ಹೆಸರೇ ಬಿದ್ದಿದೆ. ಸಂಪಾಜೆ ಕಡೆಯ ಒಂದು ತೋಟಕ್ಕೆ ಆನೆಯ ಹಿಂಡು ನುಗ್ಗಿದೆಯೆಂದು ಫೋಟೋ ಸಮೇತ ಸುದ್ದಿ ಬಂದಾಗ ಉಳಿದವರು ಅದನ್ನು ಊರಿಗೆಲ್ಲ ಹಂಚಿಯಾಗಿತ್ತು. ಇವರು ಸ್ಕೂಟರೇರಿ ಅಲ್ಲಿಗೇ ಹೋಗಿ, ಮುರಿದ ಬಾಳೆ ನೋಡಿ, ಲದ್ದಿ ನೋಡಿ, ಹೆಜ್ಜೆ ನೋಡಿ, ಒಂದೇ ಆನೆ ಎಂದು ಬರೆದರು. ಹಿಂಡೆಂದಿದ್ದರೆ ಮುಖಪುಟಕ್ಕೇರುತ್ತಿದ್ದ ಸುದ್ದಿ, ಒಂಟಿ ಆನೆಯಾದ ತಪ್ಪಿಗೆ ಒಳಪುಟದ ಮೂಲೆ ಸೇರಿತು. ಅವರಿಗೇನೂ ಬೇಸರವಾಗಲಿಲ್ಲ.

ಆದರೆ ಅವರು ಅತಿ ಹೆಚ್ಚು ಬರೆದದ್ದು ಆನೆಯ ಬಗ್ಗೆಯೂ ಅಲ್ಲ, ರಸ್ತೆಯ ಬಗ್ಗೆಯೂ ಅಲ್ಲ, ನಿಧನವಾರ್ತೆಗಳನ್ನು. ನಮ್ಮ ಕಡೆ ಪತ್ರಿಕೆ ಕೈಗೆ ಬಂದೊಡನೆ ಹಿರಿಯರು ಮೊದಲು ತೆರೆಯುವುದು ಆ ಪುಟವನ್ನೇ. ಅಂಗೈಯಗಲದ ಜಾಗ, ಅಂಚೆಚೀಟಿಯಷ್ಟು ಭಾವಚಿತ್ರ, ಕೆಳಗೆ ಬರೆದವರ ಹೆಸರಿಲ್ಲ. ಅದರ ಭಾಷೆಯೂ ಸಿದ್ಧವಾದದ್ದು: ನಮ್ಮೂರಿನಲ್ಲಿ ಪ್ರಗತಿಪರ ಕೃಷಿಕನಲ್ಲದೆ ಬರಿಯ ಕೃಷಿಕನೊಬ್ಬ ಸತ್ತ ನೆನಪು ನನಗಿಲ್ಲ. ಹೆಚ್ಚಿನ ವರದಿಗಾರರು ಇದನ್ನೊಂದು ಕಿರಿಕಿರಿಯೆಂದು ಭಾವಿಸುತ್ತಾರೆ. ಗೌರೀಶಂಕರರಿಗೆ ಮಾತ್ರ ಒಬ್ಬ ಮನುಷ್ಯನ ಬಾಳು ಅಚ್ಚಾಗುವುದು ಅದೊಂದೇ ಸಲ, ಅದೂ ಅವನು ಓದಲಾಗದ ದಿನ, ಎಂಬುದು ಗಂಭೀರವಾದ ವಿಷಯ. "ಇವರಿಗೆ ಯಾರಾದ್ರೂ ತೀರಿಕೊಂಡ ದಿನ ಮಾತ್ರ ಬೆಳಗ್ಗೆ ಬೇಗ ಎಚ್ಚರ ಆಗುದು" ಎಂದು ವಸುಮತಿ ಛೇಡಿಸುತ್ತಾರೆ.

ಕೋಡಿಂಬಾಳದ ದೇರಣ್ಣನವರು ತೀರಿಕೊಂಡ ಬೆಳಗ್ಗೆ ಗೌರೀಶಂಕರರು ಸುಳ್ಯದಲ್ಲಿದ್ದರು. ಅಲ್ಲಿನ ಒಂದು ಸಂಘದ ಕಂಪ್ಯೂಟರುಗಳು ಒಟ್ಟಿಗೇ ನಿಂತುಹೋಗಿದ್ದವು, ಬಿಟ್ಟು ಹೊರಡುವಂತಿರಲಿಲ್ಲ. ದೇರಣ್ಣನವರ ಮಗ ಕೃಷ್ಣಮೋಹನರಿಗೆ ಫೋನು ಮಾಡಿದರು. ಕೃಷ್ಣಮೋಹನರು ಇವರಿಗೆ ಅಪರಿಚಿತರಲ್ಲ, ತಮ್ಮೂರಿನ ಸಂಘದ ನಿರ್ದೇಶಕರು. ಆ ಸಂಘದ ಕೆಲಸವೂ ಇವರದೇ. ಪ್ರಾಯ, ಹಾಲು ಸಂಘದ ಅಧ್ಯಕ್ಷರಾಗಿದ್ದದ್ದು, ದೈವಸ್ಥಾನದ ಸಮಿತಿಯಲ್ಲಿದ್ದದ್ದು, ಎಲ್ಲ ಕೇಳಿದರು. "ಮನೆಯಲ್ಲಿ ಯಾರೆಲ್ಲ?" ಎಂದಾಗ, "ಅಮ್ಮ, ನಾನು, ನನ್ನ ಹೆಂಡತಿ" ಎಂಬ ಉತ್ತರ ಬಂತು. "ಕನ್ಫರ್ಮ್ ಉಂಟಲ್ಲ?" "ಉಂಟು." ಮೃತರು ಪತ್ನಿ, ಪುತ್ರ ಹಾಗೂ ಸೊಸೆಯನ್ನು ಅಗಲಿದ್ದಾರೆ ಎಂದು ಬರೆದು ಕಳಿಸಿ, ಮತ್ತೆ ಕಂಪ್ಯೂಟರಿನ ಬೆನ್ನು ಬಿಚ್ಚಿದರು. ಅತ್ತ ಸಂಜೆಗೆ ದೇರಣ್ಣನವರ ದಹನವೂ ಮುಗಿಯಿತು.

ಮರುದಿನ ಬೆಳಗ್ಗೆ ಒಂದು ಕರೆ ಬಂತು. ಸಂಪಾಜೆಯ ಪತ್ರಿಕಾ ಏಜೆಂಟರಿಂದ ನಂಬರು ಪಡೆದ ಹೆಣ್ಣುದನಿ.

"ಶಂಕರಣ್ಣ ಅಲ್ವಾ? ನಾನು ಪೂಜಿತಾ. ದೇರಣ್ಣನವರ ಮಗಳು."

ಗೌರೀಶಂಕರರು ಅಂದಿನ ಪತ್ರಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಪ್ಪ ಹೋದದ್ದು ನನಗೆ ಪೇಪರು ನೋಡಿಯೇ ಗೊತ್ತಾದದ್ದು. ಅದರಲ್ಲಿ ನಾನು ಇಲ್ಲ." ಆಕೆ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. "ನನಗೆ ಒಂದೇ ಗೊತ್ತಾಗ್ಬೇಕು. ನನ್ನ ಹೆಸರು ಬೇಡ ಅಂತ ಮನೆಯವರು ಹೇಳಿದ್ದಾ, ಅಲ್ಲ ನೀವು ಕೇಳ್ಲೇ ಇಲ್ವಾ?"

ಸುಳ್ಳು ಹೇಳಿ ಪಾರಾಗುವ ದಾರಿ ಆ ಪ್ರಶ್ನೆಯೊಳಗೇ ಇತ್ತು. "ಕೇಳ್ಲಿಲ್ಲ ಅಮ್ಮಾ" ಎಂದರು ಗೌರೀಶಂಕರರು.

ಮನೆಯವರ ಮನಸ್ಸಿಗೆ ವಿರುದ್ಧವಾಗಿ ಮದುವೆಯಾಗಿ, ಸಂಪಾಜೆಯಲ್ಲಿ ಗಂಡನೊಂದಿಗೆ ಸಣ್ಣ ಅಂಗಡಿ ನಡೆಸುತ್ತಿದ್ದ ಮಗಳು. ಮನೆಯಲ್ಲಿ ಆಕೆಯ ಹೆಸರೆತ್ತುವಂತಿರಲಿಲ್ಲ. ಎರಡು ಬಸ್ಸು ಬದಲಿಸಿದರೆ ಮಧ್ಯಾಹ್ನದೊಳಗೆ ತಲುಪಬಹುದಾಗಿದ್ದ ದಾರಿ, ಯಾರೂ ತಿಳಿಸಲಿಲ್ಲ. ಅಂದು ತಾನು ಕೋಡಿಂಬಾಳಕ್ಕೆ ಹೋಗಿ ಅಂಗಳದಲ್ಲಿ ನಿಂತು ಒಂದು ಮಾತು ಕೇಳಿದ್ದರೆ, ಯಾರಾದರೂ ಬಾಯಿಬಿಡುತ್ತಿದ್ದರು, ಆಕೆಗೆ ಅಪ್ಪನ ಮುಖ ಸಿಗುತ್ತಿತ್ತು ಎಂಬ ಯೋಚನೆ ಗೌರೀಶಂಕರರನ್ನು ಇರಿಯತೊಡಗಿತು. ಹೋಟೆಲಿನಲ್ಲಿ ಇದನ್ನು ಹೇಳುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ.

"ನಮ್ಮ ಸಾಫ್ಟ್‌ವೇರಿನಲ್ಲಿ ತಪ್ಪು ತುಂಬಿಸಿದ್ರೆ ಕೆಂಪು ಬರ್ತದೆ. ಆದ್ರೆ ಕೇಳ್ಲಿಕ್ಕೆ ಜಾಗವೇ ಇಡದ ವಿಷಯ ಉಂಟಲ್ಲ, ಅದಕ್ಕೆ ಎಂತದೂ ಬರುದಿಲ್ಲ. ಸಲೀಸಾಗಿ ಒಳಗೆ ಹೋಗ್ತದೆ. ಇಪ್ಪತ್ತು ವರ್ಷ ಅದನ್ನೇ ಮಾಡಿದವ ನಾನು. ಹೇಳಿದ್ದೆಲ್ಲ ಸರಿ ಉಂಟಾ ಅಂತ ನೋಡ್ಲಿಕ್ಕೆ ಗೊತ್ತುಂಟು. ಹೇಳದ್ದು ಎಂತ ಅಂತ ಕೇಳ್ಲಿಕ್ಕೆ ಗೊತ್ತಿರಲಿಲ್ಲ."

ತಣ್ಣಗಾದ ಚಹಾವನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು: "ಅಲ್ಲಿ ತಪ್ಪಾದ್ರೆ ಮರುದಿನ ಸರಿ ಮಾಡಿ ಹಾಕಿದ್ರೆ ಮುಗೀತು, ಹಳೆಯದನ್ನು ಯಾರೂ ನೋಡುದಿಲ್ಲ. ಪೇಪರಿನಲ್ಲಿ ಹಾಗಲ್ಲ. ತಪ್ಪು ಹೋದ ಮನೆಗೆಲ್ಲ ತಿದ್ದುಪಡಿ ಹೋಗುದಿಲ್ಲ."

ಪುತ್ತೂರಿನ ಉಪಸಂಪಾದಕರು ತಿದ್ದುಪಡಿಗೆ ಒಪ್ಪಲಿಲ್ಲ. ನಿಧನವಾರ್ತೆ ಮನೆಯವರದು, ಮನೆಯವರು ಹೇಳಿದರೆ ಮಾತ್ರ ಬದಲಾವಣೆ ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಗೌರೀಶಂಕರರು ಕೋಡಿಂಬಾಳಕ್ಕೆ ಹೋದರು. ಕೃಷ್ಣಮೋಹನರು ಅಂಗಳದಲ್ಲೇ ಎದುರಾಗಿ, ವಿಷಯ ಕೇಳಿದೊಡನೆ ಮುಖ ಗಂಟಿಕ್ಕಿದರು.

"ಅದು ನಮ್ಮ ಮನೆಯ ವಿಷಯ. ನಿಮಗೆ ಸಂಘದ ಕೆಲಸ ಬೇಕಾ, ಬೇಡ್ವಾ?"

"ಬೇಕು" ಎಂದರು ಗೌರೀಶಂಕರರು. ಬೇಕೇ ಬೇಕಾಗಿತ್ತು. "ಆದ್ರೆ ನಾನು ಬರೆದದ್ದು ತಪ್ಪಾಗಿದೆ. ನಿಮ್ಮ ಅಮ್ಮನಿಗೆ ಒಮ್ಮೆ ಓದಿ ಹೇಳ್ತೇನೆ. ಅವರು ಸರಿ ಅಂದ್ರೆ ಹೀಗೇ ಹೋಗ್ತೇನೆ."

ಒಳಗಿನ ಬಾಗಿಲಲ್ಲಿ ಪಂಕಜಾಕ್ಷಿಯಮ್ಮ ಅಷ್ಟರಲ್ಲೇ ಬಂದು ನಿಂತಿದ್ದರು. ಮಗ ಬೇಡವೆನ್ನುವ ಮೊದಲೇ ಇವರು ಹೆಲ್ಮೆಟ್ ತೆಗೆದು, ಎದೆಗೆ ಹಿಡಿದು, ಅಚ್ಚಾದದ್ದನ್ನು ಮೊದಲಿನಿಂದ ಓದಿದರು. ಪತ್ನಿ, ಪುತ್ರ ಹಾಗೂ ಸೊಸೆಯನ್ನು ಅಗಲಿದ್ದಾರೆ. "ಅಮ್ಮಾ, ಇನ್ನು ಯಾರಾದ್ರೂ ಇದ್ದಾರಾ?" ಎಂದು ಕೇಳಿ ಸುಮ್ಮನಾದರು. ಮುದುಕಿ ಮಗನ ಮುಖ ನೋಡಿದರು, ಅಂಗಳ ನೋಡಿದರು. ಆಮೇಲೆ ತಮ್ಮ ತುಳುವಿನಲ್ಲಿ, ಯಾರೊಡನೆಯೂ ಜಗಳವಿಲ್ಲದ ದನಿಯಲ್ಲಿ, "ಎಂಕ್ ಒರ್ತಿ ಮಗಳ್ ಉಲ್ಲಳ್" ಎಂದರು. ನನಗೊಬ್ಬಳು ಮಗಳಿದ್ದಾಳೆ. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಆ ಮನೆಯೊಳಗೆ ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ತಿದ್ದುಪಡಿ ಎರಡೇ ಸಾಲಿನಲ್ಲಿ ಬಂತು. ಪಂಕಜಾಕ್ಷಿಯಮ್ಮ ಪಕ್ಕದ ಮನೆಯವರ ಫೋನಿನಿಂದ ಮಗಳನ್ನು ಕರೆದರು. ಉತ್ತರಕ್ರಿಯೆಯ ದಿನ ಪೂಜಿತಾ ಬಂದು ಚಪ್ಪರದ ಕೊನೆಯ ಕುರ್ಚಿಯಲ್ಲಿ ಕುಳಿತಳು. ಅಕ್ಕಪಕ್ಕದ ಕುರ್ಚಿಗಳು ಖಾಲಿಯೇ ಉಳಿದವು. ಭಾವಚಿತ್ರಕ್ಕೆ ಹೂವು ಹಾಕುವ ಹೊತ್ತಿಗೆ ತಾಯಿಯೇ ಎದ್ದುಹೋಗಿ ಅವಳ ಕೈಹಿಡಿದು ಮುಂದೆ ಕರೆತಂದರು. ಗೌರೀಶಂಕರರು ಹಿಂದೆ ನಿಂತು ಎಂದಿನಂತೆ ನುಡಿನಮನದ ವರದಿ ಬರೆದುಕೊಂಡರು. ಬರೆದು, ಎಲ್ಲರ ಊಟ ಮುಗಿಯುವ ತನಕ ಕಾದು, ನೇರ ಕೃಷ್ಣಮೋಹನರ ಎದುರಿಗೇ ಹೋಗಿ ಓದಿದರು: ಪತ್ನಿ ಪಂಕಜಾಕ್ಷಿ, ಪುತ್ರ ಕೃಷ್ಣಮೋಹನ, ಪುತ್ರಿ ಪೂಜಿತಾ ಉಪಸ್ಥಿತರಿದ್ದರು.

"ಕನ್ಫರ್ಮ್ ಉಂಟಲ್ಲ?"

ಕೃಷ್ಣಮೋಹನರು ಕೈಯೊರಸುತ್ತಿದ್ದ ಬೈರಾಸನ್ನು ಹೆಗಲಿಗೆ ಹಾಕಿಕೊಂಡರು. ಚಪ್ಪರದಾಚೆ ತಾಯಿಯ ಬಳಿ ಕುಳಿತಿದ್ದ ತಂಗಿಯ ಕಡೆ ಒಮ್ಮೆ ನೋಡಿ, "ಉಂಟು" ಎಂದರು.

ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲವೆಂದು ಗೌರೀಶಂಕರರು ಪ್ರಾಮಾಣಿಕವಾಗಿ ಹೇಳುತ್ತಾರೆ. ಅಣ್ಣತಂಗಿ ಅಂದು ಮಾತಾಡಲಿಲ್ಲ. ಆ ಸಂಘದ ಕೆಲಸ ಬೇರೆಯವರಿಗೆ ಹೋಯಿತು, ಮತ್ತೆ ಬರಲಿಲ್ಲ. ಪೂಜಿತಾ ಹೊರಡುವಾಗ ಇವರ ಬಳಿ ಬಂದು, "ಹೆಸರು ಬಂತು ಶಂಕರಣ್ಣ. ಮುಖ ನೋಡ್ಲಿಕ್ಕೆ ಮಾತ್ರ ಆಗ್ಲಿಲ್ಲ" ಎಂದಳಂತೆ. ದೂರಿದ್ದಲ್ಲ, ಹೇಳಿದ್ದು. ಆ ಮಾತಿಗೆ ತಿದ್ದುಪಡಿಯಿಲ್ಲವೆಂದು ಇವರಿಗೆ ಗೊತ್ತು. ಅಂದಿನಿಂದ ನಿಧನವಾರ್ತೆಯನ್ನು ಫೋನಿನಲ್ಲಿ ಕೇಳಿ ಬರೆಯುವುದನ್ನೇ ಬಿಟ್ಟರು. ಎಲ್ಲಿದ್ದರೂ, ಯಾವ ಕೆಲಸ ಅರ್ಧದಲ್ಲಿದ್ದರೂ, ಹೆಣ ಎತ್ತುವ ಮೊದಲು ಆ ಅಂಗಳ ತಲುಪುತ್ತಾರೆ.

ನಮ್ಮ ದೊಡ್ಡಪ್ಪನ ಅಂಗಳದಲ್ಲಿ ನನಗೆ ಬಂದ ಸಿಟ್ಟು ಈಗ ನೆನೆದರೆ ನಾಚಿಕೆಯಾಗುತ್ತದೆ. ಹೆಸರಿಲ್ಲದೆ ಅಚ್ಚಾಗುವ ನಾಲ್ಕು ಸಾಲುಗಳಿಗಾಗಿ ತಮ್ಮ ಹೊಟ್ಟೆಪಾಡಿನ ನಡುವೆ ಸಮಯ ಕದ್ದು ಓಡಿಬರುವ ಇಂಥವರು ನಮ್ಮ ಪ್ರತಿಯೊಂದು ತಾಲೂಕಿನಲ್ಲೂ ಒಬ್ಬಿಬ್ಬರಿದ್ದಾರೆ. ಅವರಿಗೆ ಪದವಿಯಿಲ್ಲ, ಪ್ರಶಸ್ತಿಯಿಲ್ಲ. ಅವರು ಬರೆದದ್ದು ಮರುದಿನ ಬೋಂಡದ ಪೊಟ್ಟಣವಾಗುತ್ತದೆ. ಆದರೂ ಒಂದು ಊರು ತನ್ನವರೆಂದು ಯಾರನ್ನು ಒಪ್ಪಿಕೊಂಡಿತು, ಯಾರನ್ನು ಬಾಯಿಮುಚ್ಚಿ ಹೊರಗಿಟ್ಟಿತು ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರಿಲ್ಲ. ಅಂಥವರ ದೊಡ್ಡತನ ಅವರು ಬರೆಯುವುದರಲ್ಲಿ ಇರುವುದಕ್ಕಿಂತ, ಬರೆದು ಮುಗಿದ ಮೇಲೂ ಹೊರಡದೆ ನಿಲ್ಲುವುದರಲ್ಲಿದೆ. ನನ್ನ ಸರದಿ ಬಂದ ದಿನವೂ ಇಳಿದ ಭುಜದ ಅಂಥ ಒಬ್ಬರು ಬಂದು, ಹೆಲ್ಮೆಟ್ ತೆಗೆದು, ಮನೆಯವರನ್ನು ಅದೊಂದು ಮಾತು ಕೇಳಿ, ಉತ್ತರಕ್ಕೆ ಕಾಯಲಿ.