ಸರಕಾರ ಹೊಡೆದ ಗೂಟ

"ಯಾವ ರಂಡಿ ಕಟ್ಯಾಳಲೇ ಇದನ್ನ? ಸರಕಾರದ ಗೂಟಕ್ಕ ನಿಮ್ಮೌನ ದಾರಾ ಕಟ್ಟಾಕ ಯಾರು ಹೇಳ್ಯಾರ?"

ಗುತ್ತಿಗೆದಾರನ ಆಳುಗಳನ್ನು ದುಡಿಸುವ ಮುಕಾದಮ ಹೀಗೆ ಒದರುವಾಗ ನನ್ನ ಕೈಯಲ್ಲಿ ಕುಂಚವಿತ್ತು, ಮೊಣಕೈತನಕ ಜೋಳದ ಗಂಜಿ ಮೆತ್ತಿತ್ತು. ನಾನು ತಲೆ ಎತ್ತಲಿಲ್ಲ. ಹಾಸು ಹಸಿಯಿರುವಾಗ ಕೈ ನಿಲ್ಲಿಸಲು ಬರುವುದಿಲ್ಲ. ಹಾಸು ಎಂದರೆ ಸೀರೆಯ ಉದ್ದಕ್ಕೆ ಬರುವ ನೂಲು. ಮಗ್ಗಕ್ಕೆ ಏರಿಸುವ ಮುಂಚೆ ಅದನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಕುಡಿಸಿ, ಎಳೆ ಎಳೆ ಬಿಡಿಸಿ ಬಿಸಿಲಿಗೆ ಒಣಗಿಸಬೇಕು. ರಬಕವಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಇದೇ ಕೆಲಸ. ನಡುವೆ ಇಳಿಸಿದರೆ ಎಳೆಗೆ ಎಳೆ ಅಂಟಿ ನೂಲೆಲ್ಲ ಹಾಳು. ಅದಕ್ಕೇ ಹಾಸು ಕಟ್ಟಿದ ಬೀದಿಯಲ್ಲಿ ಮದುವೆಯ ಮೆರವಣಿಗೆ ಬಂದರೂ ಪಕ್ಕಕ್ಕೆ ಸರಿದು ಹೋಗುತ್ತದೆ, ಹೆಣ ಬಂದರೂ ಸುತ್ತು ಹಾಕುತ್ತದೆ.

"ನಾನ ಕಟ್ಟೇನ್ರಿ," ಎಂದೆ. "ಗೂಟ ನಮಗಂತ ಹೊಡದಾರ ಅಂತ ತಿಳದಿದ್ವಿರಿ."

ಮುಕಾದಮನ ಹಿಂದೆ ನಿಂತಿದ್ದ ಇಂಜಿನಿಯರ್ ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ.

ನೀವೂ ನಗಿರಿ. ಹಿಂದಿನ ವಾರ ಜೀಪು ಬಂತು, ಓಣಿಯುದ್ದಕ್ಕೂ ಸೊಂಟದೆತ್ತರದ ಕಬ್ಬಿಣದ ಗೂಟ ನೆಟ್ಟು ಹೋದರು. ಪೇಟೆಗೆ ಸರಕಾರದ ದುಡ್ಡು ಬಂದಿದೆ, ಊರು ಸುಧಾರಿಸುತ್ತದೆ ಎಂದು ಮೈಕಿನಲ್ಲಿ ಕೂಗಿಸಿದ್ದರು. ನಮ್ಮ ಅಪ್ಪಂದಿರ ಕಾಲದಿಂದ ಕಲ್ಲಿನ ಸಂದಿಯಲ್ಲಿ ಬಿದಿರು ತುರುಕಿ ಹಾಸು ಕಟ್ಟಿದವರು ನಾವು. ಗಾಳಿ ಬಂದರೆ ಬಿದಿರು ಕಿತ್ತು ಬರುತ್ತಿತ್ತು. ಈಗ ನೋಡಿದರೆ ಗಟ್ಟಿ ಗೂಟ, ನೆಟ್ಟಗಿನ ಸಾಲು. ನೇಕಾರರಿಗೆ ಸರಕಾರ ಇನ್ನೇನು ಮಾಡಬೇಕು! ಪಕ್ಕದ ಮನೆಯ ಅನ್ನವ್ವ ಗೂಟಕ್ಕೆಲ್ಲ ಅರಿಷಿಣ ಕುಂಕುಮ ಹಚ್ಚಿದಳು, ನಾನು ಕಾಯಿ ಒಡೆದೆ. ಹೋಳಿಗೆ ಮಾಡಿ ಈ ಮುಕಾದಮನಿಗೂ ಕೊಟ್ಟೆವು. ಆ ಭಾಡ್ಯಾ ತಿಂದ, ಬಾಯಿ ಒರೆಸಿಕೊಂಡ, ಒಂದು ಮಾತು ಹೇಳಲಿಲ್ಲ.

"ಅಮ್ಮಾ, ಇದು ರೋಡಿನ ನಡುವಿನ ಗುರುತು," ಎಂದ ಸಾಹೇಬ. ಅವನು ಮೈಸೂರು ಕಡೆಯವನು. "ಗೂಟದಿಂದ ಆಚೀಚೆ ಹದಿನೈದು ಅಡಿ ಒಳಗೆ ಇರೋದೆಲ್ಲ ಒಡೀತೀವಿ. ನಿಮ್ಮ ಮುಂದಿನ ರೂಮು ಪೂರ್ತಿ ಹೋಗುತ್ತೆ. ಅದು ಅತಿಕ್ರಮಣ."

ನಮ್ಮ ಮನೆಗೆ ಇರುವುದೇ ಮುಂದಿನ ಖೋಲಿ, ಅದರ ಹಿಂದೆ ಒಲೆಯ ಮೂಲೆ. ಖೋಲಿಯ ನೆಲದಲ್ಲಿ ಮಗ್ಗದ ಕುಣಿ ತೋಡಿದೆ. ಅದರೊಳಗೆ ಕಾಲು ಇಳಿಬಿಟ್ಟು, ದಂಡೆಯ ಮೇಲೆ ಕುಳಿತು ನನ್ನ ಗಂಡ ಸಿದರಾಯ ನೇಯುತ್ತಾನೆ. ಪವರ್‌ಲೂಮ್ ಶೆಡ್ಡಿಗೂ ಹೋಗಿ ಬಂದವನೇ. ಅಲ್ಲಿನ ಅರಳೆಯ ಧೂಳು ಎದೆಗೆ ಇಳಿದು, ಈಗ ಎದ್ದು ನಿಂತರೆ ಉಸಿರು ಹತ್ತುತ್ತದೆ. ಕುಳಿತು ಮಾಡುವ ಈ ಕೆಲಸ ಒಂದೇ ಅವನಿಗೆ ಉಳಿದದ್ದು. ಕುಣಿ ಹೋದರೆ ಅವನೂ ಹೋದ.

"ಖೋಲಿ ಮಾತು ಆಮ್ಯಾಲ ಆಡೂಣ್ರಿ ಸಾಹೇಬ್ರ. ಈಗ ಹಾಸು ಹಸಿ ಐತಿ. ಒಣಗೂ ಮಟ ಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

"ಬೀಳು ಮತ್ತ," ಎಂದ ಮುಕಾದಮ.

ಬಿದ್ದೆ. ಬೀಳಲಿಲ್ಲ ಎಂದು ಯಾಕೆ ಸುಳ್ಳು ಹೇಳಲಿ? ಗಂಜಿ ಕೈಯಲ್ಲೇ ಬೂಟು ಹಿಡಿದೆ. "ಥೂ, ಎಲ್ಲಾ ಅಂಟು ಅಂಟು," ಎಂದು ಸಾಹೇಬ ಕಾಲು ಜಾಡಿಸಿದ. ಮುಕಾದಮ ಕುಡಗೋಲಿನಿಂದ ಗೂಟದ ಹಗ್ಗ ಕೊಯ್ದ. ಹಾಸು ಮಣ್ಣಿಗೆ ಬಿತ್ತು. ಸಾಹೇಬ ಅದರ ಮೇಲೆಯೇ ನಡೆದು ಹೋಗಿ ಜೀಪು ಹತ್ತಿದ.

ಮಣ್ಣಾದ ಹಾಸನ್ನು ತಲೆಯ ಮೇಲೆ ಹೊತ್ತು ನಾನೂ ಅನ್ನವ್ವನೂ ಓಣಿಯಲ್ಲೇ ಇರುವ ಚನಮಲ್ಲಪ್ಪ ಸಾವುಕಾರನ ಅಂಗಡಿಗೆ ಹೋದೆವು. ನೂಲು ಅವನದು, ಸೀರೆ ಅವನದು. ನಮ್ಮದು ಕೈಕಾಲು ಅಷ್ಟೇ. ಅಂಗಡಿಗೆ ಹೊಸ ಗಾಜು ಬಂದಿತ್ತು. ಗಾಜಿನೊಳಗೆ ಒಂದು ಬಿಳಿ ಗೊಂಬೆ ನನ್ನ ಗಂಡ ನೇಯ್ದ ಸೀರೆ ಉಟ್ಟು ನಿಂತಿತ್ತು. ನನಗೆ ಅಂಥ ಸೀರೆ ಮೈಮೇಲೆ ಬಿದ್ದದ್ದಿಲ್ಲ.

"ಅಲ್ಲೇ ಕೆಳಗ ನಿಲ್ಲರ್ಬೇ, ಈಗ ಫರಸಿ ಒರಸ್ಯಾರ," ಎಂದ ಚನಮಲ್ಲಪ್ಪ.

"ಸಾವುಕಾರ್ರ, ರಸ್ತೆ ಕಮೀಟ್ಯಾಗ ನೀವ ಅದೀರಿ. ನಮ್ಮ ಕುಣಿ ಒಂದ ಉಳಸ್ರಿ. ನಿಮ್ಮ ಸೀರೀನ ನೇಯೂದ ಅದು."

"ಊರು ಮುಂದಕ ಬರಬೇಕೋ ಬ್ಯಾಡೋ ಮುತ್ತವ್ವಾ? ಸೊಲ್ಲಾಪುರದಿಂದ, ಪುಣೇದಿಂದ ಗಿರಾಕಿ ಕಾರ್ ತಗೊಂಡ ಬರ್ತಾರ, ಎಲ್ಲಿ ನಿಲ್ಲಸಬೇಕ ಅವರು? ನಿಮ್ಮ ಗಂಜಿ ನಾತಕ್ಕ ಮೂಗ ಮುಚ್ಚಕೊಂಡ ಹೊಳ್ಳಿ ಹೋಗ್ತಾರ. ಇನ್ನ ಮ್ಯಾಲ ನೋಡು, ದೀಪದ ಕಂಬ ಬರ್ತಾವು, ನಡುವ ಹೂವಿನ ಗಿಡ ಬರ್ತಾವು, ಚೌಕಿನ್ಯಾಗ ಕಾರಂಜಿ ಹಾರ್ತೈತಿ."

ಈ ಮನುಷ್ಯನ ಅಪ್ಪ ನಮ್ಮ ಓಣಿಯಲ್ಲೇ ಗಂಜಿ ಹಚ್ಚಿ ಬದುಕಿದವನು. ಮಗನಿಗೆ ಈಗ ನಾತ.

ಅನ್ನವ್ವನ ಬಾಯಿ ಮೊದಲೇ ಸುಮ್ಮನಿರುವುದಲ್ಲ. "ಓಣ್ಯಾಗೆಲ್ಲಾ ನೆಟ್ಟಗ ಬಂದ ಗೂಟ, ನಿಮ್ಮ ಅಂಗಡಿ ಮುಂದ ಅಷ್ಟ ಯಾಕ್ರಿ ಎದರಿನ ಕಡೆ ಸರದಾವು, ನಿಮ್ಮ ಗಾಜು ಉಳೀಲಂತೇನ?" ಎಂದಳು.

ಚನಮಲ್ಲಪ್ಪನ ಮುಖ ಕಪ್ಪಿಟ್ಟಿತು. "ಭಾಳ ಉದ್ದ ಆತಲೇ ನಿನ್ನ ನಾಲಿಗಿ! ನನ್ನ ನೂಲ ಮಣ್ಣ ಮಾಡ್ಕೊಂಡ ಬಂದು ನನಗ ಕೇಳ್ತಿ? ನಾಳಿಂದ ಯಾರೂ ನೂಲಿಗೆ ಬರಬ್ಯಾಡ್ರಿ. ಇಚಲಕರಂಜಿಯಿಂದ ಮಶೀನ್ ಮ್ಯಾಲ ಗಂಜಿ ಹಚ್ಚಿದ್ದ ಹಾಸ ತರಸ್ತೇನಿ. ಮಗ್ಗದ ಮ್ಯಾಲಿಂದೊಂದು ಸೀರಿ ಮುಗಿಸಿ ಕೊಡಂತ ಸಿದರಾಯಗ ಹೇಳು."

ಸಿದರಾಯನಿಗೆ ಹೇಳಿದೆ. ಅವನು ಬಯ್ಯಲಿಲ್ಲ, ಅಳಲಿಲ್ಲ. ಲಾಳಿ ಕೈಯಲ್ಲಿ ಹಿಡಿದುಕೊಂಡು ಖೋಲಿಯನ್ನು ಸುತ್ತ ನೋಡಿದ. "ಹಂಗಾರ ನಾ ಎಲ್ಲಿ ಕುಂಡ್ರಲಿ ಮುತ್ತೀ?" ಎಂದು ಕೇಳಿದ. ನಾನು ಒಲೆಯ ಮೂಲೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಪೇಟೆಯ ಉಳಿದ ಕಡೆ ರಸ್ತೆ ಮುಗಿದು ನಮ್ಮ ಓಣಿಯ ತುಂಡೊಂದು ಬಾಕಿಯಿದ್ದಾಗ ಜೆಸಿಬಿ ಬಂತು. ಜನ ಪಾತ್ರೆ ಪಗಡ ಹೊರಗಿಟ್ಟರು, ಒದರಾಡಿದರು, ಮಣ್ಣು ತೂರಿ ಶಾಪ ಹಾಕಿದರು. ಪೊಲೀಸರು ಲಾಠಿ ತೋರಿಸಿದ ಮೇಲೆ ಸುಮ್ಮನಾದರು. ನಮ್ಮ ಮಾಡಿನ ತಗಡು ಕಿತ್ತರು, ಗೋಡೆಯನ್ನು ಬೀದಿಯ ಕಡೆಗೆ ಕೆಡವಿದರು. ಯಂತ್ರ ಅನ್ನವ್ವನ ಮನೆಗೆ ತಿರುಗಿತು. ನಾನು ತಗಡು ಎತ್ತಿಡುತ್ತಿದ್ದೆ. ಹಿಂದಿನಿಂದ ಮಗ್ಗದ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಸಿದರಾಯ ಧೂಳು ಕೊಡವಿ, ಕುಣಿಯಲ್ಲಿ ಕಾಲು ಬಿಟ್ಟು ಕುಳಿತಿದ್ದ. ಗೋಡೆಯಿಲ್ಲ, ಮಾಡಿಲ್ಲ. ನಡುಬೀದಿಯಲ್ಲಿ ನನ್ನ ಗಂಡ ಸೀರೆ ನೇಯುತ್ತಿದ್ದ.

"ಏಳಲೇ ಹಾಟ್ಯಾ! ಬರೂ ವಾರ ಉದ್ಘಾಟನೆಗೆ ದೊಡ್ಡ ಮಂದಿ ಬರಾಕತ್ತಾರ," ಎಂದು ಮುಕಾದಮ ಓಡಿ ಬಂದ.

"ಸೆರಗ ಉಳದೈತ್ರಿ," ಎಂದ ಸಿದರಾಯ, ಲಾಳಿ ಒಗೆಯುತ್ತಲೇ.

ಸಾಹೇಬ ಕೈಗಡಿಯಾರ ನೋಡಿಕೊಂಡ. "ಗುಂಡಿಗೆ ಜಲ್ಲಿ ತುಂಬ್ರಿ. ಕಾಲ ಮೇಲೆ ಕಲ್ಲು ಬಿದ್ರೆ ತಾನಾಗೇ ಏಳ್ತಾನೆ."

ಜಲ್ಲಿಗೆ ನಾವು ಖಡಿ ಎನ್ನುತ್ತೇವೆ; ಅದನ್ನು ಹೊರುವ ಹೆಣ್ಣಾಳುಗಳು ಬೀಳಗಿ ಕಡೆಯವರು. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿದ ಮೇಲೆ ಗುತ್ತಿಗೆದಾರರ ಲಾರಿ ಹತ್ತಿ ತಿರುಗುವ ಜನ. ಅವರಲ್ಲಿ ಹೊಳೆವ್ವ ಎಂಬಾಕೆ ಬುಟ್ಟಿ ಹೊತ್ತು ಮುಂದೆ ಬಂದಳು. ಪೇಟೆಯ ರಸ್ತೆ ಕೆಲಸದ ದಿನಗಳಲ್ಲಿ ನಮ್ಮ ಕೊಡದ ನೀರು ಕುಡಿದು, ನನ್ನ ಜೊತೆ ಎಲೆಯಡಿಕೆ ಹಾಕಿಕೊಂಡವಳು. ಕುಣಿಯ ದಂಡೆಗೆ ಬಂದು ನಿಂತೇ ಬಿಟ್ಟಳು.

"ಸುರವಲೇ!" ಎಂದ ಮುಕಾದಮ.

ಸುರುವಿದಳು. ನಾನು ಅವಳನ್ನು ಬಯ್ಯಲಿಲ್ಲ, ಹೊಟ್ಟೆ ಅವಳಿಗೂ ಇದೆ. ಖಡಿ ಸಿದರಾಯನ ಪಾದ ಮುಚ್ಚಿತು. ಕಾಲ ಕೆಳಗಿನ ಹಲಗೆ ತುಳಿದರೇ ನೂಲು ಬಾಯಿ ಬಿಡುವುದು, ಲಾಳಿ ದಾಟುವುದು. ಅವನು ತುಳಿಯಲು ನೋಡಿದ, ಹಲಗೆ ಅಲುಗಲಿಲ್ಲ. ನಾನು ಬಗ್ಗಿ ಎರಡೂ ಕೈಯಿಂದ ಖಡಿ ಬಾಚಿ ರಸ್ತೆಗೆ ಎಸೆದೆ. ಇನ್ನೊಂದು ಬುಟ್ಟಿ ಬಿತ್ತು. ಅದನ್ನೂ ಬಾಚಿದೆ. ಮತ್ತೊಂದು ಬಿತ್ತು. ಉಗುರು ಕಿತ್ತು ರಕ್ತ ಬಂತು. ಚನಮಲ್ಲಪ್ಪ ಗಾಜಿನ ಹಿಂದೆ ನಿಂತು ನೋಡುತ್ತಿದ್ದ. ಪೇಟೆಯ ಜನ ಕೂಡಿದ್ದರು, ಕೆಲವರು ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಿದ್ದರು. ಒಬ್ಬ ಸೂಳೆಮಗನೂ ಬಾಯಿ ತೆರೆಯಲಿಲ್ಲ.

"ಕಾಂಕ್ರೀಟ್ ಗಾಡಿ ತಗೊಂಡು ಬನ್ನಿ," ಎಂದ ಸಾಹೇಬ. "ಆಮೇಲೆ ಹೇಗೆ ಕೂತಿರ್ತಾನೆ ನೋಡೋಣ."

ಗಾಡಿ ಗಡಗಡ ತಿರುಗುತ್ತ ಹಿಮ್ಮುಖವಾಗಿ ಬಂತು. ಆಗ ಹೊಳೆವ್ವ ತನ್ನ ಬುಟ್ಟಿಯನ್ನು ಬೋರಲು ಹಾಕಿ, ಗಾಡಿಗೂ ಕುಣಿಗೂ ನಡುವೆ ಅದರ ಮೇಲೆ ಕುಳಿತಳು.

"ಏಳ್ತಿಯೇನಲೇ ರಂಡಿ! ಪಗಾರ ಕೊಯ್ತೇನಿ!"

"ಕೊಯ್ಯಿ," ಎಂದಳು ಹೊಳೆವ್ವ. "ನಮ್ಮೂರ ಮುಳಗಸುವಾಗ ನೀರಿಗಾದ್ರೂ ಕಣ್ಣ ಇರಲಿಲ್ಲ. ನಿನಗ ಅದಾವಲ್ಲೋ ಭಾಡ್ಯಾ. ನೋಡಿ ಸುರವು."

ಗಾಡಿಯವನು ಸಾಹೇಬನ ಮುಖ ನೋಡಿದ. ಸಾಹೇಬ ಫೋನು ಕಿವಿಗೆ ಹಚ್ಚಿಕೊಂಡು, ಇನ್ನೊಂದು ಕೈಯಿಂದ ಸುರುವು ಎಂದು ಸನ್ನೆ ಮಾಡಿದ.

"ಮುತ್ತೀ," ಎಂದ ಸಿದರಾಯ. ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ಲಾಳ್ಯಾಗಿನ ನೂಲ ತೀರೇತಿ. ಕೊಡಬೇ."

ನೀರಿನ ಬೋಗುಣಿಯಿಂದ ನೂಲು ಸುತ್ತಿದ ಕಂಡಿಕೆ ತೆಗೆದು ಅವನ ಕೈಗೆ ಕೊಟ್ಟೆ. ಅದಕ್ಕೆ ನನ್ನ ಬೆರಳಿನ ರಕ್ತ ಹತ್ತಿತು. ಅವನ ಕಾಲುಗಳು ಮೊಣಕಾಲಿನವರೆಗೆ ಖಡಿಯಲ್ಲಿ ಹೂತಿದ್ದವು. ನಾನು ಕುಣಿಗೆ ಇಳಿದೆ. ಅವನ ಕಾಲ ಬದಿಯಲ್ಲಿ ಮುದುರಿ ಕುಳಿತು, ಹಲಗೆಯ ಮೇಲಿನ ಖಡಿ ಸರಿಸಿದೆ. ಮೇಲೆ ಗಾಡಿಯ ಬಾಯಿ ಬಗ್ಗತೊಡಗಿತ್ತು, ಹೊಳೆವ್ವನ ಬೆನ್ನು ಅದಕ್ಕೆ ಅಡ್ಡವಾಗಿತ್ತು. ನಾನು ಎರಡೂ ಕೈಯಿಂದ ಹಲಗೆ ಒತ್ತಿದೆ, ನೂಲು ಬಾಯಿ ಬಿಟ್ಟಿತು. ಸಿದರಾಯ ಲಾಳಿ ಒಗೆದ.